ಬಸ್ಸಿನಲ್ಲಿ ಆಡಿದ ಮಾತು

ಶನಿವಾರ, ಮೇ ಹದಿನೆಂಟು, ಸಂಜೆ. ಹೋಟೆಲಿನ ಎರಡನೇ ಮಹಡಿ.

ಹನ್ನೊಂದನೇ ನಂಬರಿನ ಹುಡುಗಿಯ ತಂದೆಯವರಿಗೆ,

ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ನಿಮ್ಮೆದುರು ಕುಳಿತಿದ್ದವನು ನಾನು. ನನ್ನ ಮಗಳು ಎದುರಾಳಿ ಸಾಫ್ಟ್‌ಬಾಲ್ ತಂಡದಲ್ಲಿದ್ದಾಳೆ. "ಇವಳಮ್ಮ ತೀರ್ಕೊಂಡು ಎರಡು ತಿಂಗಳಾಯ್ತು. ಆಡಿದ್ರೆ ಮನಸ್ಸು ಹಗುರಾಗುತ್ತೇನೋ ಅಂತ ಕರ್ಕೊಂಡು ಬಂದೆ" ಎಂದಿರಿ.

ಅದನ್ನು ನಮ್ಮ ಬಸ್ಸಿನಲ್ಲಿ ಮರುಕದಿಂದಲೇ ಹೇಳಿದೆ. "ಅಯ್ಯೋ ಪಾಪ, ಯಾವ ನಂಬರ್?" ಎಂದು ನಮ್ಮ ನಾಯಕಿಯ ತಾಯಿ ಕೇಳಿದರು. ಅದನ್ನೂ ಹೇಳಿದೆ.

ಮಧ್ಯಾಹ್ನ ನಿಮ್ಮ ಮಗಳು ಚೆಂಡೆಸೆಯಲು ಕೈ ಬೀಸಿದಾಗಲೆಲ್ಲ ನಮ್ಮ ಕಡೆಯ ಹೆತ್ತವರು "ಹನ್ನೊಂದೂ, ಅಮ್ಮ ಎಲ್ಲಮ್ಮಾ?" ಎಂದು ರಾಗವಾಗಿ ಕೂಗಿದರು. ನಮ್ಮ ಕೋಚ್ ನಗು ಮರೆಮಾಚಲು ಟೋಪಿಯನ್ನು ಕೆಳಗೆಳೆದುಕೊಂಡರು. ಅವಳ ಎಸೆತಗಳು ದಿಕ್ಕು ತಪ್ಪಿದವು, ನಾವು ಗೆದ್ದೆವು.

"ಆಟ ಅಂದ್ಮೇಲೆ ಇವೆಲ್ಲ ಉಪ್ಪು ಖಾರ ಇದ್ದ ಹಾಗೆ, ಸ್ವಾಮಿ" ಎಂದು ಒಬ್ಬರು ನನ್ನ ಬೆನ್ನು ತಟ್ಟಿ ಐಸ್‌ಕ್ರೀಮ್ ಕೊಟ್ಟರು. ಅಸಹ್ಯವಾಯಿತು, ಆದರೂ ತಿಂದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ನನ್ನ ಮಗಳು ಅದೇ ರಾಗ ಹಾಡುತ್ತಿದ್ದಳು.

ನಾಳೆ ಒಂಬತ್ತಕ್ಕೆ ಫೈನಲ್. ನನ್ನ ಮಗಳು ಆಡುವುದಿಲ್ಲ. ಏಳಕ್ಕೆ ಅವಳನ್ನು ನಿಮ್ಮ ಕೋಣೆಗೆ ಕರೆತಂದು, ಈ ಪತ್ರವನ್ನು ನಿಮ್ಮ ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಇಬ್ಬರೂ ಬಾಗಿಲಲ್ಲೇ ನಿಂತಿರುತ್ತೇವೆ. ದಯವಿಟ್ಟು "ಹೋಗ್ಲಿ ಬಿಡಿ" ಅನ್ನಬೇಡಿ.

ಅವಳಿಗೆ ಇನ್ನೂ ಹೇಳಿಲ್ಲ. ಪಕ್ಕದ ಮಂಚದ ಮೇಲೆ ಕುಳಿತು ನಾಳೆಗೆಂದು ಗ್ಲೌಸಿಗೆ ಎಣ್ಣೆ ಹಚ್ಚುತ್ತಿದ್ದಾಳೆ.

ಇಂತಿ,
ನಾಲ್ಕನೇ ನಂಬರಿನ ಹುಡುಗಿಯ ತಂದೆ