ಓಡದ ದಿನ

ಜೂನ್ 3, ಮಂಗಳವಾರ
ಇವತ್ತೂ ನಾನೂರು ಮೀಟರ್ ಇಂಟರ್ವಲ್: ಜೋರಾಗಿ ಒಂದು ಸುತ್ತು, ಚೂರು ಉಸಿರಾಡಿ ಮತ್ತೊಂದು. ಕೊನೇ ಸುತ್ತಿಗೆ ವಾಂತಿ. ಮತ್ತಿಗಿರಿ ಗ್ರೌಂಡಿನ ಮೂಲೆಯಲ್ಲಿ, ಯಾರೋ ಎಸೆದ ಬಿರಿಯಾನಿ ಪೊಟ್ಟಣದ ಮೇಲೆ. ಥೂ. ಕೋಚ್ ಕದಿರಪ್ಪ ಸಾರ್ ವಾಚ್ ನೋಡಿ ಮುಖ ಸಿಂಡರಿಸಿದರು. ಹೋದ ವಾರಕ್ಕಿಂತ ನಿಧಾನವಂತೆ.
ಇಪ್ಪತ್ತೆರಡಕ್ಕೆ ಕೃಷ್ಣಗಿರಿಯಲ್ಲಿ ಸೆಲೆಕ್ಷನ್. ಐದು ಸಾವಿರ ಮೀಟರಿಗೆ ಜಿಲ್ಲಾ ಟೀಮ್ ಸೇರಿದರೆ ಸ್ಪೋರ್ಟ್ಸ್ ಹಾಸ್ಟೆಲ್ ಸೀಟು. ಇಲ್ಲದಿದ್ದರೆ ನಾನು, ಅಮ್ಮ, ಕೋಸಿನ ತೋಟ… ಆ ವಾಸನೆ.
ನಾಳೆ ಫುಲ್ ರೆಸ್ಟ್ ಅಂದರು ಸಾರ್.

ಜೂನ್ 4
ರೆಸ್ಟ್. ಬೆಳಿಗ್ಗೆಯಿಂದ ಕೋಸು ಕೊಯ್ದು, ಮೂಟೆ ಕಟ್ಟಿ, ಟೆಂಪೋಗೆ ಹೊತ್ತದ್ದೇ. ಓಟ ಇಲ್ಲದ ದಿನ ನಾನು ಪೂರ್ತಿ ಅಮ್ಮನ ಪಾಲು. ಕೊಳೆತ ಎಲೆಯ ನೀರು ಬೆನ್ನಿಗೆಲ್ಲ ಇಳಿಯಿತು. ಎಷ್ಟು ಸೋಪು ಹಚ್ಚಿದರೂ ನಾತ ಹೋಗಿಲ್ಲ.

ಜೂನ್ 10
ಇನ್ನೂ ನಿಧಾನ. ಮೊಣಕಾಲ ಕೆಳಗೆ ಮೂಳೆ ಚುಚ್ಚುತ್ತೆ. ನಾನು ಮೈಗಳ್ಳಿ ಅಂತ ಸಾರ್‌ಗೆ ಅನುಮಾನ— ಇನ್ನೆರಡು ಸುತ್ತು ಜಾಸ್ತಿ ಕೊಟ್ಟರು. ನನ್ನ ಕಾಲು ಕಂಡರೆ ನನಗೇ ಹೇಸಿಗೆ.

ಜೂನ್ 17, ಸಂಜೆ
ಮೂರನೇ ಸುತ್ತಿಗೇ ಕುಂಟಿದೆ. ಸಾರ್ ಕೂರಿಸಿಕೊಂಡು, ರೆಸ್ಟ್ ದಿನ ಏನು ಮಾಡ್ತೀಯ ಅಂತ ಕೇಳಿದರು. ಹೇಳಿದೆ. ತಲೆ ಮೇಲೆ ಕೈ ಹೊತ್ತು ಕೂತರು. ಓಡದಿದ್ದರೆ ಅದೇ ರೆಸ್ಟ್ ಅಂದುಕೊಂಡಿದ್ದೆ. ನಮ್ಮನೇಲಿ ಬೇರೆ ಅರ್ಥ ಯಾರಿಗೆ ಗೊತ್ತು?
ನನ್ನ ಜೊತೆಗೇ ತಳಿ ಊರಿಗೆ ಹೋಗೋ ಬಸ್ ಹತ್ತಿ ಮನೆಗೆ ಬಂದರು. ಜೋರಾಗಿ ಓಡಿದ ಮಾರನೇ ದಿನ ಮಲಗಿದರೇನೇ ಕಾಲಿಗೆ ಬಲ, ಸೆಲೆಕ್ಷನ್‌ವರೆಗೆ ಮೂಟೆ ಮುಟ್ಟಿಸಬೇಡಿ ಅಂತ ಅಮ್ಮನಿಗೆ ಬಿಡಿಸಿ ಹೇಳಿದರು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು.
"ದುಡಿದ್ಮ್ಯಾಲೆ ಮಲಿಕ್ಕಂಡ್ರೆ ಬಲ ಬತ್ತದಾ ಸಾರ್? ಇಷ್ಟು ವರ್ಸ ನಂಗ್ಯಾರೂ ಯೋಳ್ನೇ ಇಲ್ಲ."
ಸಾರ್ ಕಾಫಿ ಲೋಟ ಕೆಳಗಿಟ್ಟು ಬಸ್ಸಿಗೆ ಎದ್ದರು.

ಜೂನ್ 21, ಶನಿವಾರ, ಬೆಳಿಗ್ಗೆ
ನಾಳೆ ಸೆಲೆಕ್ಷನ್. ಚಾಪೆ ಮೇಲೆ ಬಿದ್ದಿದ್ದೀನಿ. ನೋವು ಇಳಿದಿದೆ. ಹೊರಗೆ ಟೆಂಪೋ. ಡ್ರೈವರ್ ಕೂತಲ್ಲೇ ಫೋನ್ ಉಜ್ಜುತ್ತಿದ್ದಾನೆ, ದರಿದ್ರದವನು. ಅಮ್ಮ ಒಬ್ಬಳೇ ಹೊರುತ್ತಿದ್ದಾಳೆ. ಪ್ರತಿ ಮೂಟೆ ಇಳಿಸುವಾಗಲೂ ಉಸ್ಸಪ್ಪಾ ಅನ್ನುತ್ತಾಳೆ.
ತಡೆಯಲಾರದೆ ಎದ್ದು ಬಾಗಿಲಿಗೆ ಹೋದೆ. ಅಮ್ಮ ತಿರುಗಿಯೂ ನೋಡಲಿಲ್ಲ.
"ಒಳಿಕ್ಕೋಗು. ಮೂಟೆ ಮುಟ್ಟಿದ್ರೆ ನಾನೇ ಕಾಲು ಮುರ್ದಾಕ್ಬುಡ್ತೀನಿ."
ಬಂದು ಮಲಗಿದೆ. ಕಾಲು ಹಗುರವಾಗಿದೆ. ನಾಳೆ ಚೆನ್ನಾಗಿ ಓಡ್ತೀನಿ ಅಂತ ಗೊತ್ತಾಗುತ್ತಿದೆ… ಅದಕ್ಕೇ ನನ್ನ ಮೇಲೇ ಅಸಹ್ಯ, ಕೋಸಿನ ನಾತಕ್ಕಲ್ಲ.
ಇನ್ನೊಂದು ಮೂಟೆ ಬಿತ್ತು. ಈ ಸಲ ಅಮ್ಮನ ಉಸ್ಸಪ್ಪಾ ಕೇಳಲಿಲ್ಲ. ನಾನು ಎದ್ದು ಹೊರಗೆ—