ಬರುವವರ ಗುರುತು

ಬೆಟ್ಟದ ಮೇಲಿನ ತಂಗುಮನೆ
ಮೇ ೧೯, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಹೊರಟ ಮೇಲೆ ಒಂದು ಸಾಲೂ ಬರೆಯಲಿಲ್ಲವೆಂದು ನೀನು ಹೊಲಿಗೆ ಮಿಷನ್ನಿನ ಮುಂದೆ ಕೂತು ನನ್ನನ್ನು ಬೈಯುತ್ತಿರುತ್ತೀಯ. ಬೈ. ಈ ದಾರಿಯಲ್ಲಿ ಟಪಾಲು ಡಬ್ಬ ಇಲ್ಲ. ತಂಗುಮನೆಗೆ ದಿನಸಿ ತರುವ ಹೇಸರಗತ್ತೆಯವನು ಅಡ್ಡದಾರಿಯಲ್ಲಿ ಇಳಿಯುತ್ತಾನೆ, ಅವನ ಕೈಗೆ ಇದನ್ನು ಕೊಡುತ್ತಿದ್ದೇನೆ. ನಾನು ಹೋದ ದಾರಿಯಲ್ಲೇ, ಬೆಟ್ಟದ ಸಾಲು ಹಿಡಿದು ವಾಪಸು ಬರುತ್ತೇನೆ. ಹಾಗಾಗಿ ಕಾಗದ ಮೊದಲು ಬರುತ್ತದೆ, ಆಮೇಲೆ ನಾನು. ಅಮ್ಮನ ಮಂಡಿನೋವು ಹೇಗಿದೆ? ಪುಟ್ಟಿಗೆ ಹಲ್ಲು ಬಂತೇ?

ನಾನು ಗಟ್ಟಿಯಾಗಿದ್ದೇನೆ. ಕಾಲಿನ ಬೊಬ್ಬೆ ಒಡೆದು, ಒಣಗಿ, ಈಗ ಅಂಗಾಲೇ ಚಪ್ಪಲಿಯಾಗಿದೆ. ಭಯವೆಂಬುದು ಬಡವರನ್ನು ಮನೆಯೊಳಗೆ ಕೂರಿಸಲು ಕಟ್ಟಿದ ಬೇಲಿ ಎಂದು ನಾನು ನನ್ನ ಕರಪತ್ರಗಳಿಂದ ಓದಿ ಹೇಳಿದಾಗ ನೀನು ನಕ್ಕಿದ್ದೆ. ಒಂಟಿಯಾಗಿ ಇಷ್ಟು ದೂರ ನಡೆದ ಮೇಲೂ ನಾನು ಅದನ್ನೇ ಹೇಳುತ್ತೇನೆ. ಸ್ವಲ್ಪ ಮೆಲ್ಲಗೆ ಹೇಳುತ್ತೇನೆ, ಅಷ್ಟೆ.

ಹೊರಡುವ ದಿನ ಅಡುಗೆಮನೆಯಲ್ಲಿ ನಡೆದ ಜಗಳ ನಿನಗೆ ನೆನಪಿದೆಯಲ್ಲ. ಬೆಟ್ಟದ ಬಂಡೆಗಳ ಮೇಲೆ ದಾರಿಗುರುತು ಬಳಿಯಲು ಹೋದ ಅಪ್ಪ ಹಿಂತಿರುಗದೆ ವರ್ಷವಾಯಿತು. ಅವನನ್ನು ಕೆಲಸಕ್ಕೆ ಕಳಿಸಿದ ಕಚೇರಿಯವರು ಮಂಜು ಕವಿದಾಕ್ಷಣ ಹುಡುಕುವುದನ್ನು ಬಿಟ್ಟು, "ಎಲ್ಲೋ ಹೊರಟುಹೋಗಿರಬಹುದು" ಎಂದು ಕೈತೊಳೆದುಕೊಂಡರು. ಅಮ್ಮ ಮಾತ್ರ ಊಟದ ಹೊತ್ತಿಗೆ ಅವನ ಜಾಗದಲ್ಲಿ ತಟ್ಟೆ ಬೋರಲು ಹಾಕಿ ಇಡುತ್ತಾಳೆ. "ಬರ್ತಾರೆ, ಕೆಲಸ ಮುಗಿದಿಲ್ಲ ಅಷ್ಟೇ" ಎನ್ನುತ್ತಾಳೆ. ನಾನು ಸಿಡಿದು, "ನಾನು ನಿಜ ತಿಳ್ಕೊಂಡು ಬರ್ತೀನಿ, ಆಮೇಲೆ ಆ ತಟ್ಟೆ ಒಳಗೆ ಹೋಗ್ಬೇಕು" ಎಂದೆ. ಅದಕ್ಕೆ ಅಮ್ಮ, "ಹೋಗಿ ಬಾ ತಾಯಿ. ನಿಜಕ್ಕೂ ಹಸಿವಾಗುತ್ತೆ, ಬುತ್ತಿ ತಗೊಂಡು ಹೋಗು" ಎಂದಳು. ಅವಳನ್ನು ಸೋಲಿಸುವ ಕರಪತ್ರ ಇನ್ನೂ ಅಚ್ಚಾಗಿಲ್ಲ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಅಪ್ಪ ಕೆಲಸ ಮಾಡುತ್ತಿದ್ದ ರೀತಿ ನಮಗೆ ಗೊತ್ತು. ಬಂಡೆಯ ಒಂದು ಮುಖ ಹೋಗುವವರ ಕಣ್ಣಿಗೆ, ಇನ್ನೊಂದು ಬರುವವರ ಕಣ್ಣಿಗೆ. ಬೇರೆಯವರು ಎರಡನ್ನೂ ಒಟ್ಟಿಗೇ ಬಳಿದು ಮುಗಿಸುತ್ತಿದ್ದರು. ಅಪ್ಪ ಒಪ್ಪುತ್ತಿರಲಿಲ್ಲ. "ಹೋಗೋದನ್ನ ಹೋಗ್ತಾ ಬಳೀಬೇಕು, ಬರೋದನ್ನ ಬರ್ತಾ ಬಳೀಬೇಕು. ನಡೆಯೋ ಕಣ್ಣಿಗಲ್ದೆ ನಿಂತ ಕಣ್ಣಿಗೆ ಬಳಿದ್ರೆ ಗುರುತು ಸುಳ್ಳು ಹೇಳುತ್ತೆ" ಎನ್ನುತ್ತಿದ್ದ. ಹಾಗಾದರೆ ಹೋಗುವ ಮುಖದ ಹೊಸ ಬಿಳುಪು ಎಲ್ಲಿ ನಿಲ್ಲುತ್ತದೋ ಅಪ್ಪನ ದಾರಿಯೂ ಅಲ್ಲಿಗೇ ನಿಂತಿರಬೇಕು.

ಹಾಗೆಯೇ ನಡೆದೆ. ಎದುರಿಗೆ ಬಂಡೆಯ ಮೇಲೆ ಬಿಳಿ ಪಟ್ಟೆ, ಕೆಳತುದಿಯಲ್ಲಿ ಅಪ್ಪ ಬ್ರಷ್ ಎತ್ತುವಾಗ ಬೀಳುತ್ತಿದ್ದ ಸಣ್ಣ ಕೊಕ್ಕೆ. ದಾಟಿ ತಿರುಗಿ ನೋಡಿದರೆ ಹಳೆಯ, ಹಳದಿ ತಿರುಗಿದ ಬಣ್ಣ. ಎಷ್ಟು ಹೊತ್ತು ನಡೆದರೂ ಮುಂದೆ ಬಿಳುಪು, ಹಿಂದೆ ಹಳದಿ. ಹಕ್ಕಿಯ ಸದ್ದೂ ಇರಲಿಲ್ಲ. ನನ್ನ ಉಸಿರಾಟವೇ ಪಕ್ಕದಲ್ಲಿ ಯಾರೋ ನಡೆಯುತ್ತಿರುವಂತೆ ಕೇಳಿಸುತ್ತಿತ್ತು.

ದಾರಿ ಕಿರಿದಾಗಿ, ಒಂದು ಪಾದ ಇಡುವಷ್ಟೇ ಜಾಗ ಉಳಿಯುವ ಕಡೆ ಬಿಳುಪು ನಿಂತಿತು. ಕೊನೆಯ ಪಟ್ಟೆಗೆ ಕೊಕ್ಕೆ ಇರಲಿಲ್ಲ. ಬಂಡೆಯ ಬುಡದಲ್ಲಿ ಅಪ್ಪನ ಬ್ರಷ್ಷೂ ಪೇಂಟು ಡಬ್ಬಿಯೂ ಇದ್ದವು, ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಕಲ್ಲಿನಿಂದ ಕುಟ್ಟಿ ತೆಗೆದೆ. ಮೇಲೆ ಕೆನೆ ಕಟ್ಟಿತ್ತು, ಕೆಳಗೆ ಬಣ್ಣ ಹಸಿಯಾಗಿಯೇ ಇತ್ತು.

ದುಡಿಯುವವನ ಅರ್ಧ ಕೆಲಸವನ್ನು ಅವನ ಮಕ್ಕಳು ಮುಗಿಸಬೇಕು. ಇದರಲ್ಲಿ ಮೂಢನಂಬಿಕೆ ಏನೂ ಇಲ್ಲ. ಒಣಗಿದ ಬ್ರಷ್ಷನ್ನು ಜಜ್ಜಿ ಮೆತ್ತಗೆ ಮಾಡಿಕೊಂಡು, ವಾಪಸು ಬರುತ್ತಾ ಬರುವವರ ಮುಖಗಳನ್ನು ಬಳಿಯುತ್ತಾ ಬಂದೆ. ಬಿಸಿಲಿತ್ತು, ಹಾಡೂ ಹೇಳಿಕೊಂಡೆ.

ಮಂಜು ಏರಿದ ಮೇಲೆ ಮುಂದಿನಿಂದ ಸದ್ದು ಕೇಳಿಸಿತು. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಬಡಿಯುವ ಟಕ್ ಟಕ್. ನನ್ನದೇ ಪ್ರತಿಧ್ವನಿ ಎಂದುಕೊಂಡು ಕೈ ನಿಲ್ಲಿಸಿದೆ. ಆ ಸದ್ದು ನಿಲ್ಲಲಿಲ್ಲ. ಮುಂದಿನ ಬಂಡೆಯ ಹತ್ತಿರ ಹೋದೆ. ಬರುವವರ ಮುಖಕ್ಕೆ ಆಗಲೇ ಬಿಳಿ ಬಳಿದಿತ್ತು. ಬೆರಳಿಟ್ಟರೆ ಬಣ್ಣ ಅಂಟಿತು. ಕೆಳತುದಿಯಲ್ಲಿ ಕೊಕ್ಕೆ. ಅದರ ಮುಂದಿನದೂ ಹಾಗೆಯೇ. ಆಮೇಲೆ ನನಗೆ ಬಳಿಯಲು ಒಂದು ಬಂಡೆಯೂ ಸಿಗಲಿಲ್ಲ.

ಕಚೇರಿಯವರು ಬೇರೆ ಯಾರನ್ನೋ ಕಳಿಸಿರಬಹುದು ಎಂದು ನೀನು ಹೇಳುತ್ತೀಯ. ನಾನೂ ಹಾಗೆಯೇ ಹೇಳಿಕೊಂಡೆ. ಆದರೆ ಆ ಕಿರುದಾರಿಯಲ್ಲಿ ಭುಜಕ್ಕೆ ಭುಜ ತಾಗಿಸದೆ ಯಾರೂ ನನ್ನನ್ನು ದಾಟಿ ಮುಂದೆ ಹೋಗಲಾರರು, ಅಕ್ಕಾ.

ಇಲ್ಲಿ ತಂಗುಮನೆ ನೋಡಿಕೊಳ್ಳುವ ಹೆಂಗಸು ಈ ವರ್ಷವಷ್ಟೇ ಕೆಲಸಕ್ಕೆ ಸೇರಿದವಳು, ಅಪ್ಪನ ಮುಖ ಕಂಡವಳಲ್ಲ. ನನ್ನ ಕೈ ನೋಡಿ ನಕ್ಕಳು. "ಏನಮ್ಮಾ, ಇವತ್ತು ಎಲ್ಲರ ಕೈಯೂ ಸುಣ್ಣದ ಗೋಡೆ ಆಗಿದೆಯಲ್ಲ?"

"ಎಲ್ಲರ ಅಂದ್ರೆ?"

"ನಿನಗಿಂತ ಮುಂಚೆ ಒಬ್ರು ಬಂದಿದ್ರು. ನೀರು ಕೊಟ್ಟೆ, ಕುಡೀಲಿಲ್ಲ. ಕೂತ್ಕೊಳ್ಳಿ, ಊಟ ಮಾಡಿ ಅಂದೆ. 'ಬೇಡಮ್ಮ, ಮನೇಲಿ ತಟ್ಟೆ ಹಾಕಿಟ್ಟಿದಾರೆ' ಅಂದ್ರು. ಹಿಂದೆ ಮಗಳು ಬರ್ತಿದಾಳೆ, ಅವಳಿಗೆ ಬಡಿಸು ಅಂತಾನೂ ಹೇಳಿದ್ರು. ಯಾಕೆ, ನಿನಗೆ ಗೊತ್ತಿರೋರಾ?"

ಅವಳು ಬಡಿಸಿದ್ದನ್ನು ಉಂಡೆ. ಎಷ್ಟು ಹಸಿವಾಗಿತ್ತೆಂದು ಉಣ್ಣುವಾಗಲೇ ಗೊತ್ತಾಗಿದ್ದು.

ಹೇಸರಗತ್ತೆಯವನು ಅವಸರ ಮಾಡುತ್ತಿದ್ದಾನೆ. ಅಮ್ಮನಿಗೆ ನನ್ನ ನಮಸ್ಕಾರ. ಪುಟ್ಟಿ ಯಾರಿಗೂ ಹೆದರದೆ ಬೆಳೆಯಲಿ, ಅವಳ ಕೆನ್ನೆಗೆ ನನ್ನದೊಂದು ಮುತ್ತು. ನಿನ್ನ ಕಣ್ಣು ಜೋಪಾನ, ಮಬ್ಬು ಬೆಳಕಿನಲ್ಲಿ ಸೂಜಿ ಪೋಣಿಸಬೇಡ.

ಅಪ್ಪ ಕೀಟಲೆಗೆ ಇಟ್ಟ ಅಡ್ಡಹೆಸರಿನಲ್ಲೇ,
ನಿನ್ನ ತಂಗಿ
ಕರಪತ್ರ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಅಪ್ಪ ಸಿಕ್ಕಿದ, ಅಕ್ಕಾ. ಕೊನೆಯ ಗುರುತಿನ ಕೆಳಗಿನ ಕೊರಕಲಿನಲ್ಲಿ. ಉಳಿದಿದ್ದರಲ್ಲಿ ನಾನು ಗುರುತು ಹಿಡಿದದ್ದು ನೀನು ಅಂಗಿಗೆ ಹೊಲಿದುಕೊಟ್ಟಿದ್ದ ಕೆಂಪು ಗುಂಡಿಯನ್ನು. ನಾನೇ ಕಲ್ಲು ಪೇರಿಸಿ ಮುಚ್ಚಿದ್ದೇನೆ. ಇದು ನಿಜ, ನಾನು ತಿಳಿದು ಬರುತ್ತೇನೆಂದ ನಿಜ. ನನಗಿಂತ ಮುಂದೆ ಮನೆ ಕಡೆಗೆ ನಡೆಯುತ್ತಿರುವುದು ಯಾರೆಂದು ಮಾತ್ರ ನನಗೆ ಗೊತ್ತಿಲ್ಲ. ನಾನು ಬರುವ ಮೊದಲೇ ಯಾರಾದರೂ ಬಾಗಿಲು ಬಡಿದರೆ ನೀನು ತೆಗೆಯಬೇಡ. ಅಮ್ಮ ಎದ್ದು ಹೋದರೆ ತಡೆಯಬೇಡ. ತಟ್ಟೆ ಅಲ್ಲೇ ಇರಲಿ.