ಒಂದೇ ಮನೆ, ಎರಡು ಹೊಲಿಗೆ ಯಂತ್ರ, ಎರಡು ಸರದಿ

ಹೊಲಿಗೆ ಯಂತ್ರ ಕಂಪನಿಯ ಗ್ರಾಹಕ ಸಂಪರ್ಕ ವಿಭಾಗದ ಮುಖ್ಯಸ್ಥರೇ,

ನನ್ನ ವಾರಗಿತ್ತಿಯ ದೂರಿಗೆ ನೀವು ಹನ್ನೊಂದು ನಿಮಿಷದಲ್ಲಿ ಉತ್ತರ ಕೊಟ್ಟಿರಿ. ನನ್ನ ದೂರಿಗೆ ಇಂದಿಗೆ ಹತ್ತೊಂಬತ್ತು ದಿನ. ಅವಳು ದೂರಿದ್ದು ನನಗಿಂತ ಎಂಟು ದಿನ ತಡವಾಗಿ. ಯಂತ್ರ ಒಂದೇ ಮಾದರಿಯದು, ಕೊಂಡದ್ದು ಒಂದೇ ದಿನ, ಎರಡರಲ್ಲೂ ಕೆಟ್ಟದ್ದು ಕೆಳದಾರದ ಉರುಳೆ ಕೂರುವ ಅದೇ ಬಾಬಿನ್ ಡಬ್ಬಿ. ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದಾಳೆ ಎಂದು ನೀವು ಅಂದುಕೊಳ್ಳಬಹುದು. ಹೌದು, ಅದರಿಂದಲೇ ಬರೆಯುತ್ತಿದ್ದೇನೆ. ಅದನ್ನು ಹೊತ್ತಿಸಿದವರು ಮಾತ್ರ ನೀವು.

ನಿಮ್ಮ ವಾರಂಟಿ ಕಾರ್ಡಿನ ಹಿಂಬದಿಯಲ್ಲಿ ನಾಲ್ಕು ದಾರಿಗಳಿವೆ: ದೂರವಾಣಿ, ಇಮೇಲ್, ವೆಬ್‌ಸೈಟಿನ ಚಾಟ್, ಸಾಮಾಜಿಕ ಜಾಲತಾಣದ ಪುಟ. "ನಿಮಗೆ ಅನುಕೂಲವಾದುದನ್ನು ಆರಿಸಿಕೊಳ್ಳಿ" ಎಂದು ಕೆಳಗೆ ಅಚ್ಚಾಗಿದೆ. ಬರವಣಿಗೆಯಲ್ಲಿದ್ದರೆ ದಾಖಲೆ ಉಳಿಯುತ್ತದೆ ಎಂದು ನಾನು ಇಮೇಲ್ ಆರಿಸಿಕೊಂಡೆ. ಯಂತ್ರದ ಸಂಖ್ಯೆ, ಕೊಂಡ ತಾರೀಖು, ದಾರ ಸಿಕ್ಕಿಕೊಳ್ಳುವ ಜಾಗದ ಫೋಟೋ, ಎಲ್ಲವನ್ನೂ ಕಳಿಸಿದೆ. "ನಿಮ್ಮ ಸಂದೇಶ ನಮಗೆ ಅಮೂಲ್ಯ" ಎಂದು ತಕ್ಷಣ ಉತ್ತರ ಬಂತು. ಅಮೂಲ್ಯವೆಂದೇ ಬೀರುವಿನಲ್ಲಿಟ್ಟು ಬೀಗ ಹಾಕಿದಿರೇ?

ವಾರಗಿತ್ತಿ ಏನು ಮಾಡಿದಳು? ಯಂತ್ರದ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತು ವಿಡಿಯೋ ಮಾಡಿ ನಿಮ್ಮ ಪುಟಕ್ಕೆ ಹಾಕಿದಳು. ಅವಳ ವಿಡಿಯೋಗಳನ್ನು ಒಂಬತ್ತು ಸಾವಿರ ಜನ ನೋಡುತ್ತಾರೆ. ಸಂಜೆಯೊಳಗೆ ನಿಮ್ಮ ಮೆಕ್ಯಾನಿಕ್ ಮನೆಯಲ್ಲಿದ್ದ. ಅವಳ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ.

"ಹಂಗೇ ಇದನ್ನೂ ಒಂಚೂರು ನೋಡಿಬಿಡಪ್ಪ, ಅದೇ ತೊಂದರೆ," ಅಂದೆ.

ಅವನು ಫೋನ್ ನೋಡಿದ. "ನಿಮ್ಮದು ಇಮೇಲ್ ಲಿಸ್ಟಲ್ಲಿದೆ ಮೇಡಂ. ನನಗೆ ಕೊಟ್ಟಿರೋದು ವಿಡಿಯೋ ಲಿಸ್ಟು. ಇದನ್ನ ಮುಟ್ಟಿದ್ರೆ ನನ್ನ ಕೆಲಸಕ್ಕೇ ಸಂಚಕಾರ."

"ಇಮೇಲ್ ಲಿಸ್ಟಿನೋರು ಯಾವಾಗ ಬರ್ತಾರೆ?"

"ಅದಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ." ಪಾಪ, ಸುಳ್ಳು ಹೇಳಲು ಬಾರದವನು.

ವಾರಗಿತ್ತಿ ಬಾಗಿಲಲ್ಲಿ ನಿಂತು ನಕ್ಕಳು. "ಬಾ ಅಕ್ಕ, ನಿಂದೂ ಒಂದು ವಿಡಿಯೋ ಹಾಕ್ತೀನಿ. ಸ್ವಲ್ಪ ಅಳೋ ಥರ ಮುಖ ಮಾಡು, ಸಾಕು."

"ಕೆಟ್ಟಿರೋದು ಮೆಷಿನ್ ಕಣೇ, ನನ್ನ ಮುಖ ಅಲ್ಲ," ಅಂದೆ.

ಯಾವ ದಾರಿಗೆ ಎಷ್ಟು ಜನರನ್ನು ಹಾಕಬೇಕೆಂದು ನಿಮ್ಮ ಸಭೆಗಳಲ್ಲಿ ಹೇಗೆ ತೀರ್ಮಾನಿಸುತ್ತೀರಿ? ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆ ಕೈಮುಗಿದು ನಿಲ್ಲುವುದು, ನೀವೂ ನಾನೂ ಇಬ್ಬರೇ ಇರುವ ಕಡೆ ತಲೆಮರೆಸಿಕೊಳ್ಳುವುದು. ಇದು ಗ್ರಾಹಕರ ಸೇವೆಯೋ, ನಿಮ್ಮ ಮರ್ಯಾದೆಯ ಕಾವಲೋ? ಇಮೇಲ್ ಓದಲು ಆಳಿಲ್ಲದಿದ್ದರೆ ಕಾರ್ಡಿನಿಂದ ಆ ವಿಳಾಸ ತೆಗೆಯಿರಿ.

ಆಸ್ಪತ್ರೆಯೊಂದರ ನರ್ಸುಗಳಿಗೆ ಸಲಕ್ಕೆ ಅರವತ್ತು ಕೋಟು ಹೊಲಿಯುವ ಕೆಲಸ ಆರು ವರ್ಷಗಳಿಂದ ನನ್ನದು. ಮೊನ್ನೆ ಅಲ್ಲಿನ ಉಗ್ರಾಣದವರು, ನನ್ನ ಯಂತ್ರ ನಿಂತಿದೆಯೆಂದು, ನಾನು ಕತ್ತರಿಸಿಟ್ಟಿದ್ದ ಬಟ್ಟೆಯನ್ನು ನನ್ನ ಮೇಜಿನಿಂದಲೇ ಎತ್ತಿ ಗೋಡೆಯಾಚೆ ವಾರಗಿತ್ತಿಗೆ ಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಅವಳ ಯಂತ್ರ ಶುರುವಾಗುತ್ತದೆ. ಈಗ ತೋಳು, ಈಗ ಅಂಚು ಎಂದು ಸದ್ದಿನಲ್ಲೇ ಹೇಳಬಲ್ಲೆ. ಅವಳ ಹೊಲಿಗೆ ನನ್ನದಕ್ಕಿಂತ ಚೆನ್ನಾಗಿದ್ದು ಕೆಲಸ ಹೋಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಎಲ್ಲ ದಾರಿಯ ದೂರುಗಳನ್ನೂ ಒಂದೇ ಪಟ್ಟಿಗೆ ತಂದು, ತಾರೀಖಿನ ಪ್ರಕಾರ ಮೆಕ್ಯಾನಿಕ್ ಕಳಿಸಿ. ಆಸ್ಪತ್ರೆಯವರು ಮುಂದಿನ ಕೋಟುಗಳ ಕೆಲಸ ಒಪ್ಪಿಸುವುದು ಬರುವ ಸೋಮವಾರ. ಅದಕ್ಕೂ ಮೊದಲು ನನ್ನ ಸರದಿ ಬರಬೇಕು. ವಿಡಿಯೋ ಮಾತ್ರ ನನ್ನಿಂದ ಬಾರದು.

ಇಂತಿ,
ಆರು ವರ್ಷ ಆ ಕೋಟುಗಳನ್ನು ಹೊಲಿದು, ಈಗ ವಾರಗಿತ್ತಿ ಹೊಲಿದವಕ್ಕೆ ಕೈಯಲ್ಲಿ ಗುಂಡಿ ಹಾಕುತ್ತಿರುವವಳು